ಶುರೂಕ್ ತಂದ ಬೋರೆಹಣ್ಣು

ಜೋರ್ಡಾನಿನ ಇರ್ಬಿದ್‌ಗೆ ಔಷಧಶಾಸ್ತ್ರ ಓದಲು ಬಂದ ಮೊದಲ ವರ್ಷ ಶುರೂಕ್‌ಗೆ ಊರು ಸುತ್ತುವ ಗೀಳು ಹಿಡಿದಿತ್ತು. ವಾರವನ್ನು ಹೇಗೋ ತಳ್ಳಿ ಶುಕ್ರವಾರ ಮುಟ್ಟಿದರೆ ಸಾಕು, ಹೆಗಲಿಗೆ ಕ್ಯಾಮೆರಾ ಏರಿಸಿ ಹೊರಟುಬಿಡುವಳು. ಜೆರಾಶ್‌ನ ಕಂಬಸಾಲು ನೋಡಿಯಾಗಿತ್ತು, ಅಜ್ಲೂನ್ ಕೋಟೆ ಹತ್ತಿಯಾಗಿತ್ತು, ಪೆಟ್ರಾಕ್ಕೆ ಹೋಗಿ ಅಂಗಾಲಿಗೆ ಬೊಬ್ಬೆ ಬರಿಸಿಕೊಂಡು ಬಂದದ್ದೂ ಆಗಿತ್ತು. ಪ್ರತಿ ಪ್ರವಾಸದ ಫೋಟೊಗಳನ್ನು ಹಾಸ್ಟೆಲಿನ ಕೋಣೆಯ ಗೋಡೆಗೆ ಅಂಟಿಸುತ್ತಿದ್ದಳು. ಒಂದೊಂದರಲ್ಲೂ ಕಲ್ಲು ಹಿಂದೆ, ತಾನು ಮುಂದೆ.

ಅವಳ ಊರು ನದಿಯಾಚೆಯ ಗಲಿಲಿ ಸೀಮೆಯ ದೈರ್ ಹನ್ನಾ. ಯಹೂದಿಗಳ ರಾಜ್ಯ ಹುಟ್ಟಿದ ಯುದ್ಧದ ಕಾಲದಲ್ಲಿ ಓಡಿಹೋಗದೆ ಅಲ್ಲೇ ಉಳಿದ ಅರಬರ ಊರು. ಅಂಥ ಊರುಗಳವರನ್ನು ಜೋರ್ಡಾನಿನಲ್ಲಿ 'ಒಳಗಿನವರು' ಎನ್ನುತ್ತಾರೆ. ಒಳಗಿನವರ ಮಕ್ಕಳು ಇರ್ಬಿದ್‌ನಲ್ಲಿ ಗುಂಪುಗುಂಪಾಗಿ ಓದುತ್ತಿದ್ದರು. ಜೋರಾಗಿ ನಗುವರು, ಮಾತಿನ ನಡುವೆ ಗೊತ್ತಿಲ್ಲದೆ ಹೀಬ್ರೂ ಪದ ತೂರಿಸುವರು, ತಿಂಗಳಿಗೊಮ್ಮೆ ಗಡಿಯ ಸೇತುವೆ ದಾಟಿ ಮನೆಗೆ ಹೋಗಿ ಅಮ್ಮನ ಅಡುಗೆ ಕಟ್ಟಿಸಿಕೊಂಡು ಬರುವರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿ. ಅದೇ ಸೇತುವೆ ಆಗ ಓಡಿಬಂದು ಈಚೆಯ ನಿರಾಶ್ರಿತರ ಶಿಬಿರ ಸೇರಿದವರಿಗೆ ಕನಸಿನಲ್ಲೂ ದಾಟಲಾಗದ್ದು. ಶುರೂಕ್‌ಗೆ ಇದು ತಿಳಿಯದ ಸಂಗತಿಯೇನಲ್ಲ. ತಿಳಿದೂ ಅವಳು ಅದರ ಬಗ್ಗೆ ಕೂತು ಯೋಚಿಸಿದವಳಲ್ಲ.

ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ರುಬಾ ಶಿಬಿರದ ಹುಡುಗಿ. ಮಾತು ಕಡಿಮೆ, ಓದು ಜಾಸ್ತಿ. ಮಾರ್ಚ್ ತಿಂಗಳ ಒಂದು ದಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುತ್ತಾ ಅವಳೇ ಕೇಳಿದಳು:

"ಈ ಶುಕ್ರವಾರ ರಾಣಿಯವರ ಸವಾರಿ ಎಲ್ಲಿಗೆ?"

"ಉಮ್ ಕೈಸ್‌ಗೆ ಅಂತಿದ್ದೀನಿ. ಕರಿಕಲ್ಲಿನ ನಾಟಕಶಾಲೆ ಇದೆಯಂತಲ್ಲ, ರೋಮನ್ನರ ಕಾಲದ್ದು. ನೀನು ನೋಡಿದ್ದೀಯಾ?"

ರುಬಾ ನಕ್ಕಳು. "ಪ್ರತಿ ವರ್ಷ ಹೋಗ್ತೀವಿ ಕಣೇ. ಆದ್ರೆ ನಾಟಕಶಾಲೆ ನೋಡೋಕಲ್ಲ. ನಮ್ಮ ಸಿತ್ತಿನ ಕರ್ಕೊಂಡು ಹೋಗೋದು. ಈ ಶುಕ್ರವಾರಾನೇ ಹೊರಟಿದ್ದೀವಿ. ನೀನೂ ಬಂದುಬಿಡು, ಗಾಡೀಲಿ ಜಾಗ ಇದೆ."

ಸಿತ್ತಿ ಎಂದರೆ ರುಬಾಳ ಅಪ್ಪನ ತಾಯಿ, ಹಾಜ್ಜಾ ಫಿದ್ದಾ. ನದಿಯಾಚೆ ಗಲಿಲಿ ಸರೋವರದ ದಂಡೆಯ ಐನ್ ಸಿದ್ರ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕ ಹುಡುಗಿಯಾಗಿದ್ದಾಗ ತಾಯಿಯ ಸೆರಗು ಹಿಡಿದು ಬೆಟ್ಟ ಹತ್ತಿ ಈಚೆ ಬಂದವಳು. ಊರಿನ ಹೆಸರಿಗೆ ಬೋರೆಮರದ ಚಿಲುಮೆ ಎಂದು ಅರ್ಥ. ಹಳ್ಳಿ ಈಗ ಇಲ್ಲ. ಆದರೆ ಉಮ್ ಕೈಸ್‌ನ ಬೆಟ್ಟದ ಅಂಚಿನಲ್ಲಿ ನಿಂತರೆ ಸರೋವರ ಅಷ್ಟೂ ಕೆಳಗೆ ಹಾಸಿಕೊಂಡಿರುತ್ತದೆ. ವರ್ಷಕ್ಕೊಮ್ಮೆ, ಬೆಟ್ಟವೆಲ್ಲ ಹಸಿರಾಗಿ ಕೆಂಪು ಹೂ ಅರಳುವ ಹೊತ್ತಿಗೆ, ಮುದುಕಿ ಅಲ್ಲಿಗೆ ಹೋಗಿ ಕೂತು ಬರಬೇಕು. ಕೆಲವು ವರ್ಷದಿಂದ ಕಣ್ಣಿಗೆ ಪೊರೆ ಬಂದು ನೀರು ಅವಳಿಗೆ ಕಾಣುತ್ತಿರಲಿಲ್ಲ. ಆದರೂ ಹೋಗುವುದನ್ನು ಬಿಟ್ಟಿರಲಿಲ್ಲ.

ಶುಕ್ರವಾರ ರುಬಾಳ ಅಣ್ಣ ಸಖ್ರ್ ತನ್ನ ಬಾಡಿಗೆ ವ್ಯಾನನ್ನೇ ತಂದ. ಅಪ್ಪ ಅಬು ಸಖ್ರ್, ಅಮ್ಮ, ಮುದುಕಿ, ಪಕ್ಕದ ಮನೆಯ ಹಾಜ್ ಅಬು ಗಾಲಿಬ್ ಎಲ್ಲರೂ ಹತ್ತಿದ್ದರು. ಅಬು ಗಾಲಿಬ್ ಕೂಡ ಅದೇ ಹಳ್ಳಿಯಿಂದ ಬಂದವನು. ಶುರೂಕ್ ಹತ್ತುತ್ತಿದ್ದ ಹಾಗೇ ಸಖ್ರ್ ಕನ್ನಡಿಯಲ್ಲಿ ನೋಡಿ ಹೇಳಿದ:

"ಒಳಗಿನವರು ಒಳಗೆ ಬಂದ್ರು. ಪಾಸ್‌ಪೋರ್ಟ್ ತೋರಿಸಮ್ಮಾ, ಆಮೇಲೆ ಗಾಡಿ ಬಿಡ್ತೀನಿ."

"ಬಿಡೋ, ಅತಿಥಿ ಅವಳು," ಎಂದು ತಾಯಿ ಗದರಿದಳು.

ಶುರೂಕ್ ನಕ್ಕಳು. ಇಂಥ ಮಾತು ಅವಳಿಗೆ ಹೊಸದಲ್ಲ.

ಉಮ್ ಕೈಸ್ ತಲುಪಿದ ಕೂಡಲೇ ಅವಳು ರುಬಾಳ ಕೈ ಹಿಡಿದು ನಾಟಕಶಾಲೆಗೆ ಎಳೆದುಕೊಂಡು ಹೋದಳು. ಮೆಟ್ಟಿಲ ಮೇಲೆ ಕೂತು ಒಂದು ಫೋಟೊ, ಕಂಬಕ್ಕೆ ಒರಗಿ ಇನ್ನೊಂದು, ಕಮಾನಿನ ಕೆಳಗೆ ಮತ್ತೊಂದು. "ಆಯ್ತಾ? ಸಿತ್ತಿ ಕಾಯ್ತಿರ್ತಾರೆ," ಎಂದು ರುಬಾ ಮತ್ತೆ ಮತ್ತೆ ಹೇಳುತ್ತಿದ್ದಳು. ಇಬ್ಬರೂ ಬೆಟ್ಟದ ಅಂಚಿಗೆ ಬರುವಾಗ ಅಲ್ಲಿ ಆಗಲೇ ಚಾಪೆ ಹಾಸಿತ್ತು, ಸೊಪ್ಪು, ಟೊಮ್ಯಾಟೊ, ರೊಟ್ಟಿಯ ಗಂಟು ಬಿಚ್ಚಿತ್ತು. ಮುದುಕಿ ಒಂದು ಕಲ್ಲಿನ ಮೇಲೆ ಸರೋವರದ ಕಡೆ ಮುಖ ಮಾಡಿ ಕೂತಿದ್ದಳು.

"ನೀರು ಕಾಣ್ತದಾ ಇವತ್ತು?" ಎಂದು ಕೇಳಿದಳು.

"ಕಾಣ್ತದೆ ಯಮ್ಮಾ. ಮಂಜಿಲ್ಲ. ತಟ್ಟೆ ಇಟ್ಟಂಗದೆ," ಎಂದ ಮಗ ಅಬು ಸಖ್ರ್.

ಸಖ್ರ್ ಕಬ್ಬಿಣದ ಒಲೆಯಲ್ಲಿ ಕೆಂಡ ಮಾಡಲು ಹೆಣಗುತ್ತಿದ್ದ. ಗಾಳಿ ಬೂದಿಯನ್ನೆಲ್ಲ ಅವನ ಮುಖಕ್ಕೇ ಎರಚುತ್ತಿತ್ತು. ಅವನ ಅವಸ್ಥೆ ನೋಡಿ ಶುರೂಕ್‌ಗೆ ನಗು ಬಂತು. ಬೆಳಗಿನ ಅವನ ಕೊಂಕಿಗೆ ಸಣ್ಣದೊಂದು ಉತ್ತರ ಕೊಡುವ ಆಸೆಯೂ ಆಯಿತು.

"ನಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ಕೋಳಿ ಸುಟ್ಟು ತಿನ್ನಿಸಿಬಿಡ್ತಿದ್ರು," ಎಂದಳು. "ಅಲ್ಲಿ ನೋಡಿ, ನೀರಿನ ದಂಡೇಲಿ ನೀಲಗಿರಿ ತೋಪು ಕಾಣುತ್ತಲ್ಲ, ಬೇಸಿಗೇಲಿ ನಾವು ಅಲ್ಲಿಗೇ ಹೋಗೋದು. ಅಲ್ಲೂ ಹಿಂಗೇ ಗಾಳಿ. ಆದ್ರೆ ಒಂದು ಮುರುಕು ಗೋಡೆ ಇದೆ. ಗೋಡೇಲಿ ಒಂದು ಗೂಡು. ನಮ್ಮಪ್ಪ ಅದ್ರೊಳಗೇ ಇದ್ದಲು ಹಾಕಿ ಹಚ್ಚಿಬಿಡ್ತಾರೆ. ಒಲೆಗೆ ಅಂತಲೇ ಕಟ್ಟಿಟ್ಟ ಹಾಗಿದೆ. ಒಂದು ಚೂರು ಗಾಳಿ ನುಗ್ಗಲ್ಲ!"

ಕೋಳಿ ತುಂಡುಗಳನ್ನು ಸಲಾಕೆಗೆ ಚುಚ್ಚುತ್ತಿದ್ದ ಅಬು ಸಖ್ರ್‌ನ ಕೈ ನಿಂತಿತು. ಅವಳು ಅದನ್ನು ಗಮನಿಸಲಿಲ್ಲ.

"ಯಾವ ಗೋಡೆ ಯಮ್ಮಾ?" ಎಂದು ಮುದುಕಿ ಈ ಕಡೆ ತಿರುಗಿ ಕೇಳಿದಳು.

"ಕರಿಕಲ್ಲಿಂದು ಸಿತ್ತಿ. ಅರ್ಧ ಮಣ್ಣಲ್ಲಿ ಹೂತಿದೆ. ಮೇಲೆ ಸೂರಿಲ್ಲ."

"ಹತ್ರ ಚಿಲುಮೆ ಅದೆಯಾ?"

"ಹ್ಞೂ, ಇದೆ. ಪೈಪ್ ಹಾಕಿದ್ದಾರೆ. ನಾವು ಕಲ್ಲಂಗಡಿ ತಣ್ಣಗಾಗ್ಲಿ ಅಂತ ಅದ್ರ ಕೆಳಗೆ ಇಟ್ಟಿರ್ತೀವಿ. ನಿಮಗೆ ಆ ಜಾಗ ಗೊತ್ತಾ?"

"ಆ ಗೂಡು ಯಾವ ದಿಕ್ಕಿನ ಗೋಡೇಲದೆ?" ಎಂದಳು ಮುದುಕಿ.

ಶುರೂಕ್ ಕೈಯೆತ್ತಿ ಲೆಕ್ಕ ಹಾಕಿದಳು. ಸೂರ್ಯ ಮುಳುಗುವುದು ಆ ಕಡೆ. ನೀರು ಈ ಕಡೆ. ಹಾಗಾದರೆ ಗೂಡು ಇರುವುದು... "ದಕ್ಷಿಣ," ಎನ್ನಲು ಬಾಯಿ ತೆರೆದವಳು ಅರ್ಧಕ್ಕೇ ನಿಲ್ಲಿಸಿದಳು. ಅವಳ ಮನೆಯಲ್ಲಿ ದಿನಾ ನಮಾಜಿಗೆ ನಿಲ್ಲುವುದು ಆ ದಿಕ್ಕಿಗೇ. ಮಸೀದಿಯಲ್ಲಿ ಎಲ್ಲರಿಗಿಂತ ಮುಂದೆ ಇಮಾಮರು ನಿಲ್ಲುವ ಗೂಡು ಇರುವುದೂ ಆ ದಿಕ್ಕಿನ ಗೋಡೆಯಲ್ಲೇ.

ಹಾಜ್ ಅಬು ಗಾಲಿಬ್ ತನ್ನ ಚಹಾದ ಲೋಟವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟ.

"ಕೇಳಿಸ್ಕೊಂಡೆಯಾ ಯಾಬಾ?" ಎಂದು ಸಖ್ರ್ ಅಪ್ಪನನ್ನು ಕೇಳಿದ. "ನಮ್ಮೂರ ಮಸೀದೀಲಿ ಕೋಳಿ ಸುಡ್ತಾರಂತೆ ಇವರು."

"ಬಾಯ್ಮುಚ್ಚು ಸಖ್ರ್."

"ಮಸೀದಿಯಲ್ಲ ಕಣೋ ಅದು," ಎಂದಳು ಹಾಜ್ಜಾ ಫಿದ್ದಾ. ಧ್ವನಿ ಒಂದಿಷ್ಟೂ ಅಲುಗಲಿಲ್ಲ. "ಚಿಲುಮೆ ಪಕ್ಕ ಉಮ್ ಯೂಸುಫ್‌ದು ರೊಟ್ಟಿ ಒಲೆ ಇತ್ತು. ಗೋಡೇಲೇ ಕಟ್ಟಿದ್ದು. ಅದೇ ಇರ್ಬೇಕು. ಬೆಂಕಿ ಹಾಕೋಕೇ ಇದ್ದದ್ದು ಅದು. ಹಾಕ್ಲಿ ಬಿಡು, ಏನಾಯ್ತು? ನೀನು ಮೊದ್ಲು ಇಲ್ಲಿ ಬೆಂಕಿ ಹಚ್ಚು, ಹೊಟ್ಟೆ ಹಸೀತದೆ."

ಶುರೂಕ್ ರುಬಾಳ ಮುಖ ನೋಡಿದಳು. ರುಬಾ ತಲೆ ತಗ್ಗಿಸಿ ರೊಟ್ಟಿ ಹರಿಯುತ್ತಿದ್ದಳು. ಆ ಹಳ್ಳಿಯಲ್ಲಿ ಅಂಥ ಒಲೆ ಯಾವತ್ತೂ ಇರಲಿಲ್ಲವೆಂದು ತಿಳಿಯಲು ಅಷ್ಟೇ ಸಾಕಾಯಿತು. ಕಣ್ಣು ಕಾಣದ ಮುದುಕಿ ಅತಿಥಿಯ ಮಾನ ಉಳಿಸಲು ಕೂತಲ್ಲೇ ಒಂದು ಒಲೆ ಕಟ್ಟಿಬಿಟ್ಟಿದ್ದಳು. ಶುರೂಕ್‌ಗೆ ಬೆಟ್ಟದ ಅಂಚಿನಿಂದ ಹಾಗೇ ಜಾರಿಹೋಗಬಾರದೇ ಎನ್ನಿಸಿತು. ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾವನ್ನು ತೆಗೆದು ಚೀಲದೊಳಗೆ ತುರುಕಿದಳು.

ಊಟವಾಯಿತು. ಚಹಾ ಕುಡಿಯುವಾಗ ಮುದುಕಿ ಅವಳನ್ನು ಹತ್ತಿರ ಕರೆದಳು.

"ಯಮ್ಮಾ, ಬೋರೆಮರ ಅದೆಯಾ ಅಲ್ಲಿ? ಚಿಲುಮೆ ಮೇಲೇ ಬಾಗಿತ್ತು. ದೊಡ್ಡ ಮರ."

ಶುರೂಕ್‌ಗೆ ಅಲ್ಲಿ ಯಾವ ಬೋರೆಮರವೂ ನೆನಪಿಗೆ ಬರಲಿಲ್ಲ. ಆದರೆ ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಈ ಹೆಂಗಸಿಗೆ ಏನಾದರೂ ಕೊಡಬೇಕಿತ್ತು, ಏನಾದರೂ.

"ಇದೆ ಸಿತ್ತಿ," ಎಂದಳು. "ಹಣ್ಣು ತುಂಬ್ಕೊಂಡು ನಿಂತಿದೆ."

ಮುದುಕಿಯ ಮುಖ ಅರಳಿತು. "ಹಂಗಾದ್ರೆ ಮುಂದಿನ ಸಲ ಮನೆಗೆ ಹೋದಾಗ ನಂಗೊಂದು ಹಿಡಿ ತಂದುಕೊಡು ಯಮ್ಮಾ. ಸಾಯೋಕೆ ಮುಂಚೆ ಒಂದು ಸಲ ಬಾಯಿಗೆ ಹಾಕ್ಕೋತೀನಿ."

ಮುಂದಿನ ವಾರವೇ ಶುರೂಕ್ ಸೇತುವೆ ದಾಟಿ ಮನೆಗೆ ಹೋದಳು. ಅಪ್ಪ ಅದ್ನಾನ್ ಗಾರೆ ಕೆಲಸ ಮುಗಿಸಿ ಬಂದು ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಅವಳು ಚೀಲ ಕೆಳಗಿಡುವ ಮೊದಲೇ ಕೇಳಿದಳು:

"ಯಾಬಾ, ಸರೋವರದ ಹತ್ರ ನೀವು ಕೆಂಡ ಹಾಕ್ತೀರಲ್ಲ, ಆ ಗೂಡು ಏನು ಅಂತ ಗೊತ್ತಾ ನಿಮಗೆ?"

ಅದ್ನಾನ್ ಉಗುರಿನ ಸಂದಿಯ ಸುಣ್ಣ ಉಜ್ಜುತ್ತಲೇ ಇದ್ದ. "ಗೊತ್ತು," ಎಂದ.

ಅವಳು ಆ ಉತ್ತರವನ್ನು ನಿರೀಕ್ಷಿಸಿರಲಿಲ್ಲ. "ಯಾವಾಗಿಂದ?"

"ಮೊದಲಿಂದಾನೂ. ನಮಾಜು ಮಾಡೋನಿಗೆ ಗೊತ್ತಾಗಲ್ವಾ ಮಗಾ?"

"ಗೊತ್ತಿದ್ದೂ ಅಲ್ಲಿ..."

"ಮೊದಲ ಸಲ ಹೋದಾಗ ನೀನು ನಿಮ್ಮಮ್ಮನ ತೊಡೆ ಮೇಲಿದ್ದೆ. ದಂಡೆ ಉದ್ದಕ್ಕೂ ಬೇಲಿ, ಟಿಕೆಟ್ಟು. ಎಲ್ಲೇ ಚಾಪೆ ಹಾಸಿದ್ರೂ ಅರಬರು ಅಂತ ನಮ್ಮನ್ನ ನೋಡಿ ಮುಖ ಗಂಟಿಕ್ಕೋರು. ಆ ಗೋಡೆ ಹತ್ರ ಮಾತ್ರ ಯಾರೂ ಏನೂ ಅನ್ಲಿಲ್ಲ. ಗಾಳಿ ಇತ್ತು, ಮಕ್ಕಳು ಹಸಿದು ಅಳ್ತಿದ್ವು. ಅವತ್ತು ಕೆಂಡ ಹಾಕುವಾಗ ಕೈ ನಡುಗಿತ್ತು, ನಿಜ. ಆಮೇಲೆ ನಡುಗಲಿಲ್ಲ. ಆಮೇಲೆ ಅದು ಬರೀ ಗೂಡಾಯ್ತು." ಅವನು ನಲ್ಲಿ ನಿಲ್ಲಿಸಿದ. "ಯಾರು ಹೇಳಿದ್ರು ನಿಂಗೆ?"

ಅವಳು ಎಲ್ಲವನ್ನೂ ಹೇಳಿದಳು. ಒಲೆ ಎಂದು ಮುದುಕಿ ಸುಳ್ಳು ಹೇಳಿದ್ದನ್ನು ಕೇಳಿದಾಗ ಅದ್ನಾನ್ ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದ. ಬಹಳ ಹೊತ್ತು ಒರೆಸಿಕೊಂಡ.

ಮಾರನೆಯ ದಿನ ಇಬ್ಬರೂ ಅಲ್ಲಿಗೆ ಹೋದರು. ನೂರು ಸಲ ಓಡಾಡಿದ ಜಾಗ ಅದು, ಆದರೂ ಶುರೂಕ್ ಕಾಲಿಡಲು ಹಿಂಜರಿದಳು. ಗೋಡೆಯ ಹಿಂದೆ ಮಗುವಿನ ಕೊಳಕು ಚಡ್ಡಿಗಳು, ಒಡೆದ ಬಾಟಲಿ, ಉಚ್ಚೆಯ ನಾತ. ಅಲ್ಲಿ ಅವಳೂ ಅವಳ ಅಕ್ಕತಂಗಿಯರೂ ಒದ್ದೆ ಬಟ್ಟೆ ಬದಲಾಯಿಸುತ್ತಿದ್ದರು. ಅವಸರವಾದಾಗ ಕೂತದ್ದೂ ಉಂಟು. ಗೂಡಿನ ಒಳಮೈ ಹೊಗೆ ಹಿಡಿದು ಮಸಿಗಟ್ಟಿತ್ತು. ಮೇಲುಗಡೆ ಬೆರಳಿಂದ ಒರೆಸಿದಾಗ ಕಲ್ಲಿನಲ್ಲಿ ಕೆತ್ತಿದ ಬಳ್ಳಿಯೊಂದು ಎದ್ದು ಬಂತು. ಅಷ್ಟು ವರ್ಷ ಅದರೆದುರು ಕೂತು ತಿಂದವಳು, ಒಮ್ಮೆಯೂ ಕಂಡಿರಲಿಲ್ಲ.

ಬೋರೆಮರ ಇರಲಿಲ್ಲ. ಚಿಲುಮೆಯ ಮೇಲುಭಾಗದಲ್ಲಿ ಕಾರು ನಿಲ್ಲಿಸಲು ಟಾರು ಹಾಕಿದ್ದರು.

"ಇಲ್ಲ ಅಂತ ಹೇಳು ಆಯಮ್ಮನಿಗೆ," ಎಂದ ಅಪ್ಪ.

"ಇದೆ ಅಂದುಬಿಟ್ಟಿದ್ದೀನಿ ಯಾಬಾ. ಹಣ್ಣು ತುಂಬಿದೆ ಅಂತಾನೂ ಅಂದೆ."

ಬುದ್ಧಿ ಹೇಳುವ ಅಧಿಕಾರ ತನಗೆಲ್ಲಿದೆ ಎಂಬಂತೆ ಅದ್ನಾನ್ ಕಾರಿನ ಕಡೆ ನಡೆದ.

ಹೊರಡುವ ದಿನ ಶುರೂಕ್ ದೈರ್ ಹನ್ನಾದ ಪಕ್ಕದ ಮನೆಯ ಹಿತ್ತಿಲಿಗೆ ಹೋಗಿ ಅಲ್ಲಿನ ಬೋರೆಮರದಿಂದ ಒಂದು ಚೀಲ ಹಣ್ಣು ಕಿತ್ತುಕೊಂಡಳು. ಸೇತುವೆಯ ತಪಾಸಣೆಯಲ್ಲಿ ಕಿತ್ತುಕೊಂಡಾರೆಂದು ಚೀಲವನ್ನು ಒಳಉಡುಪಿನ ನಡುವೆ ಸುತ್ತಿಟ್ಟಳು. ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು: ಬೋರೆ ಬೋರೆಯೇ ಅಲ್ಲವೇ, ಅದೇ ಸೀಮೆಯ ಮಣ್ಣು, ಮುದುಕಿಗೆ ಸಂತೋಷವಾದರೆ ಯಾರಿಗೇನು ನಷ್ಟ?

ಶಿಬಿರದ ಮನೆಯಲ್ಲಿ ಚೀಲ ಬಿಚ್ಚಿದಾಗ ಹಾಜ್ಜಾ ಫಿದ್ದಾ ಮೊದಲು ಮೂಸಿದಳು. ಆಮೇಲೆ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬೀಜವನ್ನು ಅಂಗೈಗೆ ಉಗಿದು ಮುಷ್ಟಿ ಬಿಗಿದಳು. ಇನ್ನೊಂದನ್ನು ತೆಗೆದುಕೊಳ್ಳುತ್ತಾಳೆಂದು ಶುರೂಕ್ ಕಾದಳು. ಮುದುಕಿ ತೆಗೆದುಕೊಳ್ಳಲಿಲ್ಲ.

"ರುಬಾ, ಓಡು. ಅಬು ಗಾಲಿಬ್‌ನ ಕರಿ. ಉಮ್ ಜಿಹಾದ್‌ನ ಕರಿ. ನಮ್ಮೂರಿನ ಹಣ್ಣು ಬಂದಿದೆ ಅನ್ನು. ನಾನೊಬ್ಳೇ ತಿಂದ್ರೆ ಅರಗ್ತದಾ?"

ನೋಡನೋಡುತ್ತಿದ್ದಂತೆ ಓಣಿಯೇ ಮನೆಯೊಳಗೆ ಬಂತು. ಕೋಲೂರಿದವರು, ಮೊಮ್ಮಕ್ಕಳ ತೋಳು ಹಿಡಿದವರು, ತಲೆವಸ್ತ್ರ ಸರಿಪಡಿಸಿಕೊಳ್ಳುತ್ತಾ ಬಂದವರು. ಮುದುಕಿ ಒಬ್ಬೊಬ್ಬರಿಗೂ ಒಂದೊಂದೇ ಹಣ್ಣು ಕೊಟ್ಟಳು. ಕೆಲವರು ಅಲ್ಲೇ ತಿಂದರು. ಕೆಲವರು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಎಲ್ಲರೂ ಶುರೂಕ್‌ಳ ತಲೆ ಸವರಿದರು. "ದೇವರು ನಿನ್ನ ಕೈ ತಣ್ಣಗಿಟ್ಟಿರಲಿ ಮಗಳೇ," ಎಂದರು. ಬಾಗಿಲಲ್ಲಿ ನಿಂತಿದ್ದ ಸಖ್ರ್ ಕೂಡ ನೆಲ ನೋಡುತ್ತಾ, "ಅವತ್ತು ಒರಟಾಗಿ ಅಂದುಬಿಟ್ಟೆ. ಮನಸ್ಸಲ್ಲಿಟ್ಕೋಬೇಡ," ಎಂದ.

ಹಾಜ್ ಅಬು ಗಾಲಿಬ್ ಹಣ್ಣನ್ನು ತಿನ್ನಲಿಲ್ಲ. ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. "ಯಾವ ಕೊಂಬೆಯಿಂದ ಕಿತ್ತೆ ಮಗಳೇ? ಚಿಲುಮೆ ಕಡೇದಾ, ರಸ್ತೆ ಕಡೇದಾ?"

"ಚಿಲುಮೆ ಕಡೇದು," ಎಂದಳು ಶುರೂಕ್. ಹೇಳದೆ ಬೇರೆ ದಾರಿ ಇರಲಿಲ್ಲ.

"ಆ ಕೊಂಬೆಯಿಂದಲೇ ನಮ್ಮಣ್ಣ ಬಿದ್ದದ್ದು," ಎಂದು ಮುದುಕ ಎಲ್ಲರಿಗೂ ಹೇಳಿದ. "ಕೈ ಮುರೀತು. ಅಮ್ಮ ಅಳ್ತಾ ಅಳ್ತಾನೇ ಹೊಡೆದ್ಲು ಅವನಿಗೆ. ಆ ಕೊಂಬೆ ಇನ್ನೂ ಅದೆ ಅನ್ನು." ಹಣ್ಣಿಗೆ ಮುತ್ತಿಟ್ಟು ಎದೆಯ ಜೇಬಿಗೆ ಹಾಕಿಕೊಂಡ.

ಎಲ್ಲರೂ ಹೋದ ಮೇಲೆ ಶುರೂಕ್ ಎದ್ದು ನಿಂತಳು, ಮತ್ತೆ ಕೂತಳು. ರುಬಾ ಚಹಾದ ಲೋಟಗಳನ್ನು ಒಟ್ಟು ಮಾಡುತ್ತಿದ್ದಳು.

"ಸಿತ್ತಿ," ಎಂದಳು ಶುರೂಕ್. "ಅಲ್ಲಿ ಮರ ಇಲ್ಲ. ಇದು ನಮ್ಮ ಪಕ್ಕದ ಮನೆ ಹಿತ್ತಿಲಿನ ಹಣ್ಣು."

ಲೋಟಗಳ ಸದ್ದು ನಿಂತಿತು.

"ನಿಮಗೆ ನೋವಾಗಬಾರದು ಅಂತ..."

"ನಂಗೆ ನೋವಾಗಬಾರದು ಅಂತಲ್ಲ," ಎಂದಳು ಮುದುಕಿ. "ನಿನ್ನ ಮುಖ ಉಳೀಲಿ ಅಂತ. ಗೂಡಿನ ವಿಷಯ ನೀನು ಗೊತ್ತಿಲ್ಲದೆ ಮಾಡಿದ್ದು. ಅದಕ್ಕೆ ನಾನು ಒಲೆ ಅಂದೆ. ಇದನ್ನ ಗೊತ್ತಿದ್ದೇ ಮಾಡಿದ್ದೀಯಲ್ಲ, ಇದಕ್ಕೆ ಏನು ಅನ್ನಲಿ? ಆ ಮುದುಕನ ಅಣ್ಣನ್ನೂ ಮರ ಹತ್ತಿಸಿಬಿಟ್ಟೆಯಲ್ಲೇ!"

ಶುರೂಕ್ ಅಳತೊಡಗಿದಳು.

"ಅಳ್ಬೇಡ. ಅತ್ರೆ ನಾನು ಸಮಾಧಾನ ಮಾಡ್ಬೇಕಾಗ್ತದೆ, ನಂಗೀಗ ಮನಸ್ಸಿಲ್ಲ. ಎದ್ದು ಹೋಗು. ಯಾರ್‍ಯಾರು ಹಣ್ಣು ತಗೊಂಡು ಹೋದ್ರೋ ಅವರವರ ಬಾಗಿಲಿಗೆ ಹೋಗಿ ಹೇಳು. ನಾನು ಹೇಳಲ್ಲ. ರುಬಾ ದಾರಿ ತೋರಿಸ್ತಾಳೆ, ಬಾಯಿ ತೆಗೆಯಲ್ಲ."

ಇಬ್ಬರೂ ಹೊರಟರು. ರುಬಾ ಪ್ರತಿ ಬಾಗಿಲಿಗೂ ಸ್ವಲ್ಪ ದೂರದಲ್ಲೇ ನಿಂತು ಬೇರೆ ಕಡೆ ನೋಡುತ್ತಿದ್ದಳು. ಮೊದಲ ಮನೆ ಉಮ್ ಜಿಹಾದ್‌ಳದು. ಶುರೂಕ್ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಉಮ್ ಜಿಹಾದ್ ಸೊಂಟಕ್ಕೆ ಕೈಯಿಟ್ಟು ನಕ್ಕುಬಿಟ್ಟಳು. "ಅಯ್ಯೋ ನಿನ್ನ! ಹೊಟ್ಟೆಗೆ ಹೋಯ್ತು, ಇನ್ನೇನು ವಾಂತಿ ಮಾಡ್ಲಾ? ಹೋಗು ಹೋಗು." ಆ ನಗು ಬೈಗುಳಕ್ಕಿಂತ ಕಷ್ಟವಾಯಿತು. ಮುಂದಿನ ಮನೆಯಲ್ಲಿ ಗಂಡಸೊಬ್ಬ ಪೂರ್ತಿ ಕೇಳಿಸಿಕೊಂಡು ಮಾತಿಲ್ಲದೆ ಬಾಗಿಲು ಹಾಕಿಕೊಂಡ. ಅದರಾಚೆ ಸೊಸೆಯೊಬ್ಬಳು ತಡೆದಳು. "ಅತ್ತೆ ಮಲಗಿದ್ದಾರೆ. ಹಣ್ಣನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ದಾರೆ. ನಾನಂತೂ ಹೇಳಲ್ಲಮ್ಮ, ಆ ಪಾಪ ನಂಗೆ ಬೇಡ. ನೀನೇ ಎಬ್ಬಿಸಿ ಹೇಳು." ಶುರೂಕ್ ಒಳಗೆ ಹೋಗಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಹೆಂಗಸಿನ ಭುಜ ಮುಟ್ಟಿ ಎಬ್ಬಿಸಿದಳು. ಆ ಹೆಂಗಸಿಗೆ ಕಿವಿ ಮಂದ. ಎರಡೆರಡು ಸಲ ಕೂಗಿ ಹೇಳಬೇಕಾಯಿತು: "ಐನ್ ಸಿದ್ರ್‌ದು ಅಲ್ಲ! ನಾನು ಸುಳ್ಳು ಹೇಳಿದೆ!" ಓಣಿಗೆಲ್ಲ ಕೇಳಿಸಿತು. ಕಿಟಕಿಗಳು ತೆರೆದವು.

ಅಬು ಗಾಲಿಬ್‌ನ ಮನೆಯನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಅಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಮುದುಕ ಹೊಸ್ತಿಲಲ್ಲೇ ನಿಂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಜೇಬಿಗೆ ಕೈಹಾಕಿ ಹಣ್ಣನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

"ತಗೋ ಮಗಳೇ," ಎಂದ. "ನಿನ್ನ ಪಕ್ಕದ ಮನೆಯವರದ್ದು."

ಅಷ್ಟೇ. ಬೈಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅವಳು ಓಣಿಯ ತಿರುವಿನವರೆಗೆ ನಡೆದಾಗಲೂ ಅವನು ಹಾಗೇ ನಿಂತಿರುವುದು ಬೆನ್ನಿಗೆ ತಿಳಿಯುತ್ತಿತ್ತು.

ಹಿಂತಿರುಗಿದಾಗ ಹಾಜ್ಜಾ ಫಿದ್ದಾ ಅದೇ ಜಾಗದಲ್ಲಿ ಕೂತಿದ್ದಳು. "ಎಲ್ಲರಿಗೂ ಹೇಳಿದ್ಲಾ?" ಎಂದು ರುಬಾಳನ್ನು ಕೇಳಿದಳು. "ಹ್ಞೂ ಸಿತ್ತಿ," ಎಂದಳು ರುಬಾ.

"ಕೂತ್ಕೋ ಹಂಗಾದ್ರೆ. ಈಗ ಹೇಳು. ಏನದೆ ಅಲ್ಲಿ?"

ಶುರೂಕ್ ಹೇಳಿದಳು. ಗೋಡೆಯ ಹಿಂದಿನ ಕೊಳಕು, ಟಾರಿನ ನೆಲ, ಚಿಲುಮೆಯ ಪೈಪು, ಗೂಡಿನ ಮಸಿ. ತಾವು ಮಕ್ಕಳು ಅಲ್ಲಿ ಏನೇನು ಮಾಡುತ್ತಿದ್ದೆವೆಂಬುದನ್ನೂ ಬಿಡದೆ ಹೇಳಿದಳು. ಅಪ್ಪನಿಗೆ ಗೊತ್ತಿತ್ತೆಂಬುದನ್ನೂ. ಮುದುಕಿ ನಡುನಡುವೆ ಕೇಳುತ್ತಿದ್ದಳು: ನೀರು ತಣ್ಣಗದೆಯಾ? ಚಿಲುಮೆಯಿಂದ ಮೇಲಕ್ಕೆ ಮೆಟ್ಟಿಲು ಏನಾದ್ರೂ ಉಳಿದದೆಯಾ? ಗೊತ್ತಿಲ್ಲದ್ದಕ್ಕೆ ಶುರೂಕ್ ಗೊತ್ತಿಲ್ಲ ಎಂದಳು. ಗೂಡಿನ ಮೇಲಿನ ಬಳ್ಳಿಯ ಕೆತ್ತನೆಯ ವಿಷಯ ಹೇಳಿದಾಗ ಮುದುಕಿ ತಡೆದಳು.

"ಬಳ್ಳಿಯಾ? ನಂಗೆ ಆ ಬಳ್ಳಿ ನೆನಪೇ ಇಲ್ಲ," ಎಂದಳು. "ಹೆಣ್ಮಕ್ಕಳು ನಾವು ಹಿಂದೆ ಕೂರ್ತಿದ್ವಿ. ಯಾರು ಅಷ್ಟು ಮುಂದೆ ಹೋಗಿ ನೋಡಿದ್ರು?" ಆಮೇಲೆ, "ಕತ್ತಲಾಗೋಕೆ ಮುಂಚೆ ಹಾಸ್ಟೆಲಿಗೆ ಹೋಗು," ಎಂದಳು. ತಲೆ ಸವರಲಿಲ್ಲ.

ಅಂದಿನಿಂದ ಶುಕ್ರವಾರದ ಸುತ್ತಾಟ ನಿಂತಿತು. ರುಬಾ ತರಗತಿಯಲ್ಲಿ ಪಕ್ಕ ಕೂರುವುದನ್ನು ಬಿಡಲಿಲ್ಲ, ಆದರೆ ಮನೆಗೆ ಬಾ ಎಂದು ತಾನಾಗಿ ಕರೆಯಲೂ ಇಲ್ಲ. ಕರೆ ಬರುತ್ತಿದ್ದುದು ಮುದುಕಿಯಿಂದ. ಶುರೂಕ್ ಊರಿಂದ ಬಂದಾಗಲೆಲ್ಲ, "ಸಿತ್ತಿ ಕೇಳ್ತಿದ್ದಾರೆ, ಹೋಗಿದ್ದೆಯಾ ಅಲ್ಲಿಗೆ ಅಂತ," ಎಂದು ರುಬಾ ಮೊಟಕಾಗಿ ಹೇಳುವಳು. ಶುರೂಕ್ ಹೋಗಿ ಕಂಡದ್ದನ್ನಷ್ಟೇ ಒಪ್ಪಿಸಿ ಬರುವಳು. ಓಣಿಯಲ್ಲಿ ಅಬು ಗಾಲಿಬ್ ಎದುರಾದರೆ ಸಲಾಮಿಗೆ ಸಲಾಮು ಹೇಳುತ್ತಿದ್ದ. ಅವಳಿಗೆ ಮಾತ್ರ ಪ್ರತಿ ಸಲವೂ ಕಿವಿಯವರೆಗೆ ಬಿಸಿ ಏರುತ್ತಿತ್ತು. ಮೂರನೆಯ ವರ್ಷದ ಚಳಿಗಾಲದಲ್ಲಿ ಹಾಜ್ಜಾ ಫಿದ್ದಾ ತೀರಿಕೊಂಡಳು. ಸಂತಾಪ ಹೇಳಲು ಬಂದ ಹೆಂಗಸರ ನಡುವೆ ಶುರೂಕ್ ಬಾಗಿಲ ಬಳಿ ಕೂತಿದ್ದಳು. "ಇದ್ಯಾರು?" ಎಂದು ಅಮ್ಮಾನಿನಿಂದ ಬಂದ ನೆಂಟಳೊಬ್ಬಳು ಕೇಳಿದಳು. "ಬೋರೆಹಣ್ಣಿನ ಹುಡುಗಿ," ಎಂದು ಯಾರೋ ಪಿಸುಗುಟ್ಟಿದರು. ಕೆಲವರು ತಲೆಯಾಡಿಸಿದರು. ಶುರೂಕ್ ಕಾಫಿಯ ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

ಓದು ಮುಗಿಸಿ ಊರಿಗೆ ಮರಳಿ ಅವಳು ಔಷಧದಂಗಡಿ ಸೇರಿದಳು. ಅಪ್ಪ ಆ ತೋಪಿಗೆ ಹೋಗುವುದನ್ನು ಬಿಟ್ಟಿದ್ದ. ಆ ಬೇಸಿಗೆ ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಕೊಂಡು ಸರೋವರದ ಉತ್ತರದ ದಂಡೆಗೆ ಹೋದ. ಹೊಸ ಜಾಗ, ಒಳ್ಳೆಯ ನೆರಳು. ಅಕ್ಕಂದಿರ ಮಕ್ಕಳು ಕೂಗುತ್ತಾ ನೀರಿಗೆ ಓಡಿದರು. ಅದ್ನಾನ್ ಕಬ್ಬಿಣದ ಒಲೆ ಹೊತ್ತು ಜಾಗ ಹುಡುಕುತ್ತಿದ್ದವನು ಪೊದೆಯಾಚೆ ಹೋಗಿ ನಿಂತುಬಿಟ್ಟ. ಅಲ್ಲಿ ಮೊಣಕಾಲೆತ್ತರದ ಕರಿಕಲ್ಲಿನ ಗೋಡೆಯೊಂದು ಹುಲ್ಲಿನಲ್ಲಿ ಮಲಗಿದಂತೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಮತ್ತೊಂದು.

"ಯಾರ ಊರೋ ಇದು," ಎಂದ.

ಶುರೂಕ್ ಸುತ್ತ ಚಾಪೆ ಹಾಸಿ ಕೂತಿದ್ದ ನಾಲ್ಕಾರು ಕುಟುಂಬಗಳ ಬಳಿ ಹೋಗಿ ವಿಚಾರಿಸಿದಳು. ಎಲ್ಲರೂ ಅರಬರೇ, ಎಲ್ಲರೂ ವರ್ಷಗಳಿಂದ ಅಲ್ಲಿಗೆ ಬರುತ್ತಿದ್ದವರೇ. ಒಬ್ಬ ಮುದುಕ ಹೆಸರು ನಾಲಗೆಯ ತುದಿಯಲ್ಲಿದೆ ಎಂದು ಬಹಳ ಹೊತ್ತು ಹಣೆ ತಿಕ್ಕಿಕೊಂಡ. ಕೊನೆಗೆ ನೆನಪಾಗಲಿಲ್ಲವೆಂದು ಅವಳಿಗೊಂದು ತುಂಡು ಕಲ್ಲಂಗಡಿ ಕೊಟ್ಟ. ಅವಳು ಅದನ್ನು ಹಿಡಿದುಕೊಂಡೇ ಅಪ್ಪನ ಬಳಿಗೆ ಬಂದಳು. ಅಷ್ಟರಲ್ಲಿ ಅವನು ಒಲೆಯನ್ನು ಮತ್ತೆ ಕಾರಿನ ಡಿಕ್ಕಿಗೆ ಹಾಕಿದ್ದ. ಮಕ್ಕಳು ತಣ್ಣನೆಯ ರೊಟ್ಟಿ, ಚೀಸು ತಿಂದು ಗೊಣಗುತ್ತಾ ಮನೆಗೆ ಮರಳಿದರು.